ಗಾಜಿನ ಹಿಂದಿನ ಕೌದಿ

ಸೋಡಾ ಗಾಡಿಯ ಸಿದ್ರಾಮ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತು ಕೌದಿ ಆಯಿತೇನು ಎಂದು ಕೇಳಿದಾಗ ನಾನು ತೀರಿಹೋದ ಮಾಸ್ತರರೊಬ್ಬರ ಅಂಗಿಗಳ ಗುಂಡಿ ಕತ್ತರಿಸುತ್ತ ಕೂತಿದ್ದೆ. ಯಾವ ಕೌದಿ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಅವನ ಹೆಂಡತಿ ಲಗಮವ್ವ ಅರಳೆ ಗಿರಣಿಯ ಬೆಂಕಿಯಲ್ಲಿ ಸತ್ತು ತಿಂಗಳ ಮೇಲಾಗಿತ್ತು. ಅವಳ ಸೀರೆ ಕುಬಸಗಳು ನನ್ನ ಕೈಗೆ ಬಂದೇ ಇರಲಿಲ್ಲ. ದುಃಖದಲ್ಲಿರುವವರು ಬಟ್ಟೆ ಬಿಟ್ಟುಕೊಡಲು ತಡಮಾಡುತ್ತಾರೆ, ಮನಸ್ಸಾದಾಗ ತರುತ್ತಾನೆ ಎಂದು ನಾನೂ ಸುಮ್ಮನಿದ್ದೆ.

"ಗಿರಣಿಯವರ ಗಾಡಿ ಬಂದಿತ್ತಲ್ಲಕ್ಕಾ," ಎಂದ. "ಸಾವ್ಕಾರ್ರು ತಾವ ಮುಂದ ನಿಂತು ಕೌದಿ ಹೊಲಿಸಿ ಕೊಡ್ತಾರಂತ, ಅಕಿ ಅರಿವಿ ಎಲ್ಲಾ ಕೊಡು ಅಂದ್ರು. ನಿನ್ನ ಹತ್ರನ ಬರ್ತಾವಂತ ತಿಳದು ಕೊಟ್ಟೆ. ಒಂದ ಕುಬಸಾ ಸೈತ ಇಟ್ಕೊಳ್ಳಲಿಲ್ಲ."

ನಮ್ಮ ಊರಿನಲ್ಲಿ ಸತ್ತವರ ಬಟ್ಟೆ ಆರುವುದಿಲ್ಲ. ಮನುಷ್ಯ ಮಣ್ಣಾದ ಮೇಲೂ ಅವನು ಉಟ್ಟು ತೊಟ್ಟದ್ದೆಲ್ಲ, ಟ್ರಂಕಿನಲ್ಲಿರಲಿ ಹಗ್ಗದ ಮೇಲಿರಲಿ, ಆಗಷ್ಟೇ ಮೈಮೇಲಿಂದ ತೆಗೆದಿಟ್ಟ ಹಾಗೆ ಬೆಚ್ಚಗಿರುತ್ತದೆ. ಸಾವಾದ ಮನೆಗೆ ಹೋದರೆ ಟ್ರಂಕಿನ ಮೇಲೆ ಬೆಕ್ಕು ಮಲಗಿರುವುದು ಕಾಣುತ್ತದೆ. ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ಸೊಸೆ ಅದರ ಪಕ್ಕಕ್ಕೆ ಸರಿಸಿಟ್ಟಿರುತ್ತಾಳೆ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಸೂತಕ ಕಳೆದ ಮೇಲೆ ಮನೆಯವರು ಆ ಬಟ್ಟೆಗಳನ್ನು ಗಂಟು ಕಟ್ಟಿ ಕೌದಿ ಹೊಲಿಯುವವರಿಗೆ ಕೊಡುತ್ತಾರೆ. ಸತ್ತವರಿಗಾಗಿ ಯಾರ ಹೊಟ್ಟೆ ಹೆಚ್ಚು ಉರಿಯುತ್ತದೋ ಅವರು ಆ ಕೌದಿ ಹೊದ್ದು ಮಲಗುತ್ತಾರೆ. ದಿನದಿನಕ್ಕೂ ಅದರ ಬಿಸಿ ಸ್ವಲ್ಪ ಸ್ವಲ್ಪವಾಗಿ ಮಲಗಿದವರ ಮೈಗೆ ಇಳಿಯುತ್ತದೆ. ಕೆಲವರಿಗೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಎರಡು ಮೂರು. ಒಂದು ಬೆಳಗ್ಗೆ ಮುಟ್ಟಿ ನೋಡಿದರೆ ಅದು ಎಲ್ಲ ಬಟ್ಟೆಯ ಹಾಗೆ ತಣ್ಣಗಿರುತ್ತದೆ. ಆ ದಿನ ಮನೆಯಲ್ಲಿ ಹುಗ್ಗಿ ಮಾಡುತ್ತಾರೆ. ಆಮೇಲೆ ಆ ಕೌದಿಯ ಮೇಲೆ ಹಪ್ಪಳ ಒಣಹಾಕಬಹುದು, ಮಗುವನ್ನು ಮಲಗಿಸಬಹುದು, ಚಕ್ಕಡಿಗೆ ಹಾಸಬಹುದು.

ಹೊದೆಯದೆ ಇಟ್ಟ ಬಟ್ಟೆ ಮಾತ್ರ ಎಂದೂ ಆರುವುದಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಕೋಟನ್ನು ಗೂಟಕ್ಕೆ ತೂಗುಹಾಕಿ, ಕತ್ತರಿಸಲು ಕೊಡಲಾರೆ ಎಂದಳು. ಸಾಯುವ ತನಕ ಊಟದ ಹೊತ್ತಿಗೆ ಎರಡು ತಾಟು ಹಚ್ಚುತ್ತಿದ್ದಳು. ಅಂಥದ್ದಾಗಬಾರದು ಎಂದೇ ನಮ್ಮ ಕೆಲಸ. ನನಗೆ ಇದನ್ನು ಕಲಿಸಿದ್ದು ನನ್ನ ಅತ್ತೆ. ಈಗ ನಾನೂ ಪಕ್ಕದ ಓಣಿಯ ಕಾಸೀಂಬಿಯೂ ಕೂಡಿ ಹೊಲಿಯುತ್ತೇವೆ. ಅವಳು ತುಂಡುಗಳನ್ನು ಹೊಂದಿಸಿ ಹಾಸುತ್ತಾಳೆ, ನಾನು ಸೂಜಿ ಓಡಿಸುತ್ತೇನೆ. ಆ ಬೆಂಕಿಯಲ್ಲಿ ಕಾಸೀಂಬಿಯ ತಂಗಿ ಜೈಬುನಳೂ ಸತ್ತಿದ್ದಳು. ಸಿದ್ರಾಮನ ಮಾತು ಕೇಳಿ ಕಾಸೀಂಬಿ ತಂಗಿಯ ಗಂಡನ ಮನೆಗೆ ಓಡಿದಳು. ಅಲ್ಲಿಂದಲೂ ಬಟ್ಟೆ ಹೋಗಿತ್ತು. ಬೆಂಕಿಯಲ್ಲಿ ಸತ್ತ ಐವರ ಮನೆಗಳಿಂದಲೂ ಹೋಗಿತ್ತು.

ಬೆಂಕಿಯ ವಿಷಯ ಊರಿಗೆಲ್ಲ ಗೊತ್ತು. ಹೆಣ್ಣಾಳುಗಳು ಮಡಿಲಲ್ಲಿ ಅರಳೆ ಕಟ್ಟಿಕೊಂಡು ಹೋಗುತ್ತಾರೆ ಎಂಬ ಅನುಮಾನಕ್ಕೆ, ಅವರು ಕೂತು ಕಸ ಆರಿಸುವ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಕಿಡಿ ಹಾರಿದ ದಿನವೂ ಬೀಗ ಬಿದ್ದಿತ್ತು. ಒಳಗಿದ್ದ ಐವರಲ್ಲಿ ಒಬ್ಬಳೂ ಹೊರಗೆ ಬರಲಿಲ್ಲ. ವಿಚಾರಣೆಗೆ ಬಂದ ಸಾಹೇಬರು ಬಾಗಿಲಿಗೆ ಬೀಗ ಇತ್ತೇ ಎಂದು ಕೇಳಿದಾಗ ಉಳಿದ ಹೆಣ್ಣಾಳುಗಳು ನೆಲ ನೋಡಿದರು, ಗಂಡಾಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಮತ್ತೆ ಅದೇ ಗಿರಣಿಗೆ ಕೂಲಿಗೆ ಹೋಗಬೇಕಾದವರು ಇನ್ನೇನು ಮಾಡಿಯಾರು. ಬೆಂಕಿ ಆಕಸ್ಮಿಕ ಎಂದು ತೀರ್ಮಾನಿಸಿ ಸಾಹೇಬರು ಜೀಪು ಹತ್ತಿದರು.

ಸಿದ್ರಾಮ ಬಂದು ಕೇಳಿದ ದಿನವೇ ನಾನು ಗಿರಣಿಗೆ ಹೋದೆ. ಗಿರಣಿಯ ಮಾಲೀಕ ಮುರಿಗೆಪ್ಪ ಸಾವ್ಕಾರ ದನಿ ಎತ್ತರಿಸಿ ಮಾತಾಡುವ ಮನುಷ್ಯನಲ್ಲ. ಎದ್ದು ನಿಂತು ಬರಮಾಡಿಕೊಂಡರು, ಕುರ್ಚಿ ಕೊಟ್ಟರು, ಮಜ್ಜಿಗೆ ತರಿಸಿದರು. ಆ ಮರ್ಯಾದೆಗೇ ನನ್ನ ಸಿಟ್ಟು ಇನ್ನಷ್ಟು ಏರಿತು. ನಾನೇ ಬಂದದ್ದು ಒಳ್ಳೆಯದಾಯಿತೆಂದು ಹೇಳಿ ಅವರು ಮೇಜಿನ ಮೇಲೆ ದೊಡ್ಡದೊಂದು ಹಾಳೆ ಬಿಚ್ಚಿ ಹರವಿದರು. ಐವರ ಬಟ್ಟೆಗಳನ್ನೂ ಕೂಡಿಸಿ ಒಂದೇ ಒಂದು ದೊಡ್ಡ ಕೌದಿ. ಗಿರಣಿಯ ಗೇಟಿನ ಪಕ್ಕದಲ್ಲಿ ಅದಕ್ಕೊಂದು ಭವನ. ಮಂತ್ರಿಗಳು ಬಂದು ಪರದೆ ಸರಿಸುತ್ತಾರೆ. ಹೊಲಿಯಲು ನನಗಿಂತ ತಕ್ಕವರು ಯಾರಿದ್ದಾರೆ ಎಂದು ಕೇಳಿದರು. ಮನೆಯವರು ಹೊದೆಯುವುದು ಯಾವಾಗ ಎಂದು ನಾನು ಕೇಳಿದೆ. ಹೊದೆಯಲಿಕ್ಕಲ್ಲ, ಗೋಡೆಗೆ ಎಂದರು.

"ಸಾತವ್ವಾ, ಮನಿಗೊಂದ ಕೊಟ್ಟರ ಏನಾಕ್ಕೇತಿ? ಎರಡ ವರ್ಷಕ್ಕ ಆರಿ ಹೋಕ್ಕೇತಿ. ಆಮ್ಯಾಲೆ ಅದರ ಮ್ಯಾಲೆ ಹಪ್ಪಳ ಹಾಕ್ತಾರ," ಎಂದರು ಸಾವ್ಕಾರರು. "ಇಲ್ಲಿ ಇಟ್ಟರ ನೂರು ವರ್ಷ ಬೆಚ್ಚಗಿರತೈತಿ. ನಾ ಅವ್ರನ್ನ ಸಾಯಾಕ ಬಿಡೂದಿಲ್ಲ."

"ಆರಬೇಕ್ರಿ ಅದು. ಆರಲಿ ಅಂತನ ಹೊಲಿಯೂದು," ಎಂದೆ. "ಸಾಯಾಕ ಬಿಡೂದಿಲ್ಲ ಅನ್ನೂ ಮಾತು ಬೀಗಾ ಹಾಕೂ ಮೊದಲ ಆಡಬೇಕಿತ್ತು ನೀವು."

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮಜ್ಜಿಗೆ ಕುಡಿಯಿರಿ ಎಂದರು. ನಾನು ಕುಡಿಯಲಿಲ್ಲ. ಬಟ್ಟೆಯನ್ನಾದರೂ ಮರಳಿ ಕೊಡಿ ಎಂದು ಕೇಳಿದ್ದಕ್ಕೆ, ಮನೆಯವರೇ ಒಪ್ಪಿ ಕೊಟ್ಟದ್ದನ್ನು ನೀವು ಹೇಗೆ ಕೇಳುತ್ತೀರಿ ಎಂದು ಮೆತ್ತಗೆ ಹೇಳಿ ಬಾಗಿಲ ತನಕ ಬಂದು ಕಳಿಸಿಕೊಟ್ಟರು. ನಾನು ಒಪ್ಪದಿದ್ದುದಕ್ಕೆ ಬೇರೆ ಊರಿನಿಂದ ಮಷೀನಿನ ಟೇಲರುಗಳನ್ನು ಕರೆಸಿ ಹೊಲಿಸಿದರು.

ಪರದೆ ಸರಿಸುವ ದಿನ ನಾನೂ ಕಾಸೀಂಬಿಯೂ ಹೋಗಿದ್ದೆವು. ಎರಡಾಳು ಎತ್ತರದ ಕೌದಿ, ಮುಂದೆ ಅಷ್ಟೇ ಎತ್ತರದ ಗಾಜು. ಐವರ ಸೀರೆ, ಕುಬಸ, ಪರಕಾರಗಳನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಯಾರದು ಯಾವುದೆಂದು ನೋಡದೆ ಬಣ್ಣಕ್ಕೆ ಬಣ್ಣ ಹೊಂದಿಸಿ ಕೂಡಿಸಿದ್ದರು. ನಡುವೆ ಜರಿ ದಾರದಲ್ಲಿ ಗಿರಣಿಯ ಗುರುತು, ಅದರ ಕೆಳಗೆ ಸಾವ್ಕಾರರ ಹೆಸರು. ಸತ್ತವರ ಹೆಸರುಗಳು ಕೆಳಗಿನ ಅಂಚಿನಲ್ಲಿ, ಬಗ್ಗಿ ನೋಡಿದರೆ ಕಾಣುವಷ್ಟು. ಜೈಬುನ ಎಂದಿರಬೇಕಾದಲ್ಲಿ ಜಯಬಾಯಿ ಎಂದಿತ್ತು. ಕಾಸೀಂಬಿ ಅದನ್ನು ಬೆರಳಿಟ್ಟು ತೋರಿಸಿದಳು. ಐದು ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಹೊದೆಯಬೇಕಾದದ್ದು ಗಾಜಿನ ಹಿಂದೆ ಇರುವಾಗ, ಅಂಗಡಿಯ ಮಡಿಕೆ ಬಿಚ್ಚದ ಶಾಲು ಹೆಗಲ ಮೇಲೆ ಹಾಕಿಕೊಂಡು ಅವರು ಫೋಟೋಕ್ಕೆ ನಿಂತರು. ಸಾವ್ಕಾರರು ಮೈಕಿನ ಮುಂದೆ ಇವರೆಲ್ಲ ನನ್ನ ಅಕ್ಕತಂಗಿಯರು ಎಂದು ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ.

ಅಂದಿನಿಂದ ಐದು ಮನೆಯವರು ತಮ್ಮವರನ್ನು ನೋಡಬೇಕೆಂದರೆ ಗಿರಣಿಯ ಆಫೀಸು ತೆರೆದಿರುವ ಹೊತ್ತಿನಲ್ಲಿ ಹೋಗಬೇಕು. ಮಂಗಳವಾರ ರಜೆ. ಚಪ್ಪಲಿ ಹೊರಗೆ ಬಿಡಬೇಕು. ಸಿದ್ರಾಮ ಮಗಳು ಕಸ್ತೂರಿಯನ್ನು ಎತ್ತಿಕೊಂಡು ದಿನಾಲೂ ಹೋಗುತ್ತಿದ್ದ. ಶಾಲೆಗೆ ಹಾಕುವಷ್ಟೂ ವಯಸ್ಸಾಗದ ಕೂಸು ಅದು, ತಾಯಿಯ ಕೂಡ ಮಲಗಿ ರೂಢಿಯಾದದ್ದು. ಗಾಜಿಗೆ ಅಂಗೈ ಒತ್ತುತ್ತಿತ್ತು. ಗಾಜು ತಣ್ಣಗೆ. ಇವರು ಹೊರಟ ಮೇಲೆ ಕಾವಲುಗಾರ ಫಕೀರಪ್ಪ ಹಳೇ ಪೇಪರಿನಿಂದ ಆ ಅಂಗೈ ಗುರುತು ಒರೆಸಬೇಕಿತ್ತು, ಅದು ಅವನಿಗೆ ಹೇಳಿದ ಕೆಲಸ. ಸಂತೆ ಬೀದಿಯ ಮಿಠಾಯಿ ಅಂಗಡಿಯನ್ನು ಬಿಟ್ಟರೆ ಇಷ್ಟು ದೊಡ್ಡ ಗಾಜನ್ನು ಆ ಮಗು ಬೇರೆಲ್ಲೂ ಕಂಡಿರಲಿಲ್ಲ. ಒಂದು ದಿನ ನಾನು ಅಲ್ಲಿದ್ದಾಗಲೇ ಅಪ್ಪನನ್ನು ಕೇಳಿತು:

"ಅವ್ವನ್ನ ಮಾರಾಕ ಇಟ್ಟಾರೇನಪಾ?"

ಸಿದ್ರಾಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಅವನ ಸೋಡಾ ಗಾಡಿ ಮೂಲೆಯಲ್ಲಿ ನಿಂತೇ ಇರುತ್ತಿತ್ತು, ಅವನು ಅದರ ಪಕ್ಕದಲ್ಲಿ ಕೂತೇ ಇರುತ್ತಿದ್ದ. ಬಾಟಲಿ ಕೇಳಿದವರಿಗೆ ನೀವೇ ತೆಗೆದುಕೊಳ್ಳಿ ಎಂದು ಕೈ ತೋರಿಸುತ್ತಿದ್ದ. ಕಾಸೀಂಬಿಯ ಕೈಯೂ ನಿಂತುಹೋಯಿತು. ಬೇರೆ ಮನೆಯ ಕೌದಿಗೆ ತುಂಡು ಹಾಸಲು ಕೂತರೆ ಹಾಸಿದ್ದನ್ನೇ ತೆಗೆಯುತ್ತಿದ್ದಳು, ತೆಗೆದದ್ದನ್ನೇ ಹಾಸುತ್ತಿದ್ದಳು. ಉಳಿದ ಮೂರು ಮನೆಗಳ ಕತೆಯೂ ಇದೇ. ಒಬ್ಬ ತಾಯಿ ಮಗಳ ಹೊರಸಿನ ಹಾಸಿಗೆ ದಿನಾ ಕೊಡವಿ ಹಾಸುತ್ತಿದ್ದಳು. ಒಬ್ಬಾಕೆಯ ಅಣ್ಣ ಸಂಜೆ ಗಿರಣಿ ಬಿಡುವ ಹೊತ್ತಿಗೆ ತಂಗಿಯನ್ನು ಕರೆತರಲು ಸೈಕಲ್ಲು ತೆಗೆದುಕೊಂಡು ಹೊರಡುತ್ತಿದ್ದ. ಗೇಟಿನ ತನಕ ಹೋದ ಮೇಲೆ ಅವನಿಗೆ ನೆನಪಾಗುತ್ತಿತ್ತು.

ಊರಿನವರಾದರೋ ಬಹಳ ಬೇಗ ಹೊಂದಿಕೊಂಡರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸಿದರು. ಹೊಸದಾಗಿ ಮದುವೆಯಾದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಬಣ್ಣ ಚೆನ್ನಾಗಿ ಬರುತ್ತದಂತೆ. ಚಳಿ ಬಿದ್ದ ಮೇಲೆ ಭವನದ ಗೋಡೆ ಹೊರಗಿನಿಂದಲೂ ಬೆಚ್ಚಗಿರುವುದು ಜನರಿಗೆ ತಿಳಿಯಿತು. ಬೆಳಗಾದರೆ ಮುದುಕರು ಅದಕ್ಕೆ ಬೆನ್ನು ಹಚ್ಚಿ ಕೂತು ಬೀಡಿ ಸೇದುತ್ತಿದ್ದರು. ಚಹಾದವನು ತನ್ನ ಡಬ್ಬಿ ಅಂಗಡಿಯನ್ನು ಅಲ್ಲಿಗೇ ಸರಿಸಿಕೊಂಡ. ಬೆಚ್ಚಗಿದ್ದಲ್ಲಿ ನಾಯಿಯೂ ಮಲಗುತ್ತದೆ, ಅವರನ್ನು ನಾನು ಬೈಯಲಾರೆ. ಆದರೆ ಲಗಮವ್ವನ ಮೈಬಿಸಿ ಅವಳ ಮಗಳಿಗೆ ಸಿಗದೆ ಯಾವನೋ ಬೀಡಿ ಸೇದುವವನ ಬೆನ್ನಿಗೆ ಸಿಗುತ್ತಿತ್ತು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಮಳೆಗೆ ಸಿಕ್ಕು ನಾನು ಭವನದ ಹಿಂಬದಿಯ ತಗಡಿನ ಕೆಳಗೆ ನಿಂತೆ. ಅಲ್ಲಿ ಮೊದಲು ಬಯಲಿತ್ತು. ಈಗ ಅದಕ್ಕೆ ಅಂಟಿಕೊಂಡೇ ಹೊಸದೊಂದು ಕೋಣೆ ಎದ್ದಿತ್ತು. ಹಮಾಲರು ಒತ್ತಿ ಕಟ್ಟಿದ ಅರಳೆ ಅಂಡಿಗೆಗಳನ್ನು ಹೊತ್ತು ತಂದು, ಕೌದಿ ಇದ್ದ ಗೋಡೆಗೆ ಹಿಂದಿನಿಂದ ತಾಗಿಸಿ ಒಟ್ಟುತ್ತಿದ್ದರು. ಮಳೆಯಲ್ಲಿ ಇಲ್ಲಿಗೇಕೆ ತರುತ್ತಿದ್ದೀರಿ ಎಂದು ಅವರಲ್ಲಿ ಗುರುತಿನವನೊಬ್ಬನನ್ನು ಕೇಳಿದೆ.

"ಇಲ್ಲಿ ಥಂಡಿ ಹಿಡಿಯೂದಿಲ್ಲ ನೋಡಬೇ. ಗ್ವಾಡಿ ಬೆಚ್ಚಗೈತಿ," ಎಂದ ಅವನು. "ಸಾವ್ಕಾರ್ರ ಹೇಳ್ಯಾರ, ಒಳ್ಳೆ ಮಾಲು ಎಲ್ಲಾ ಇಲ್ಲೇ ಒಟ್ರಿ ಅಂತ."

ಯಾವ ಅರಳೆಯ ಸಲುವಾಗಿ ಆ ಹೆಣ್ಣುಮಕ್ಕಳ ಮೇಲೆ ಬೀಗ ಹಾಕಿದರೋ ಅದೇ ಅರಳೆಗೆ ಈಗ ಅವರು ಕಾವು ಕೊಡುತ್ತ ನಿಂತಿದ್ದರು. ಸತ್ತ ಮೇಲೂ ಅವರಿಂದ ದುಡಿಸಿಕೊಳ್ಳುತ್ತಿದ್ದಾನಲ್ಲ ಈ ಮನುಷ್ಯ, ಹಗಲೂ ಇಲ್ಲ ರಾತ್ರಿಯೂ ಇಲ್ಲ, ಇನ್ನು ಮೇಲೆ ಬಿಡುವೇ ಇಲ್ಲ. ಮಳೆ ನಿಲ್ಲುವ ತನಕ ಕಾಯಲಿಲ್ಲ. ತೊಯ್ಸಿಕೊಂಡೇ ಕಾಸೀಂಬಿಯ ಮನೆಗೆ ಹೋದೆ. ಕಂಡದ್ದನ್ನು ಹೇಳಿದೆ. ಅವಳು ಎದ್ದು ಕತ್ತರಿ ಹುಡುಕತೊಡಗಿದಳು.

ಸಂತೆಯ ದಿನ ಮಧ್ಯಾಹ್ನ, ಎಲ್ಲರೂ ನೋಡುವ ಹಾಗೆ ಐದೂ ಮನೆಯವರನ್ನು ಕರೆದುಕೊಂಡು ಹೋದೆವು. ಕದ್ದು ತರುವುದು ನಮಗೆ ಬೇಕಿರಲಿಲ್ಲ. ಬಾಗಿಲಲ್ಲಿ ಫಕೀರಪ್ಪ ಅಡ್ಡ ನಿಂತ. ಗಾಜು ಮುಟ್ಟಿದರೆ ತನ್ನ ಕೆಲಸ ಹೋಗುತ್ತದೆ ಎಂದ. ಅದು ಸುಳ್ಳಲ್ಲ. ಅವನ ತಾಯಿ ಸತ್ತಾಗ ಕೌದಿ ಹೊಲಿದುಕೊಟ್ಟದ್ದು ನಾನೇ. ಅದು ಆರಿತೇ ಎಂದು ಕೇಳಿದೆ. ಹೋದ ವರ್ಷವೇ ಆರಿತು, ಈಗ ಮೊಮ್ಮಗ ಅದರ ಮೇಲೆ ಮಲಗುತ್ತಾನೆ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ಸಿದ್ರಾಮನ ಹೆಗಲ ಮೇಲಿದ್ದ ಕಸ್ತೂರಿಯ ಮೇಲೆ ಹೋಯಿತು. ಆ ಕೂಸಿನ ಅಂಗೈ ಗುರುತನ್ನು ವರ್ಷವಿಡೀ ಒರೆಸಿದ್ದು ಅವನೇ ತಾನೇ. ಸಿದ್ರಾಮ ಕೈಯಲ್ಲಿ ಕಲ್ಲು ಹಿಡಿದಿದ್ದ.

"ಒಡೀಬ್ಯಾಡ್ರಿ," ಎಂದ ಫಕೀರಪ್ಪ. "ಚೂರು ಅರಿವಿಯೊಳಗ ಸಿಗ್ತಾವು, ಆಮ್ಯಾಲೆ ಹೊದ್ದವ್ರಿಗೆ ಚುಚ್ಚತಾವು. ತಡೀರಿ, ಸ್ಕ್ರೂ ಬಿಚ್ತೀನಿ."

ಗಾಜು ಇಳಿಸಿದ ಕೂಡಲೇ ಬಿಸಿ ಮುಖಕ್ಕೆ ಬಡಿಯಿತು. ಇಷ್ಟು ದಿನ ಮುಚ್ಚಿಟ್ಟ ಬಿಸಿ. ಸಿದ್ರಾಮ ಮಗಳನ್ನು ಕೆಳಗಿಳಿಸಿದ. ಅದು ನೆಟ್ಟಗೆ ಹೋಗಿ ಕೌದಿಯ ಅಂಚಿಗೆ ಮುಖ ಒತ್ತಿ ನಿಂತುಬಿಟ್ಟಿತು. ನಾವು ಕೌದಿಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ, ಸುತ್ತಲೂ ಕೂತು ಮಷೀನಿನ ಹೊಲಿಗೆ ಬಿಚ್ಚತೊಡಗಿದೆವು. ಇದು ನಮ್ಮವಳ ಸೀಮಂತದ ಸೀರೆ, ಇದು ಇವಳ ಮದುವೆಯ ಕುಬಸ, ಇದರ ಮೇಲೆ ಅರಿಶಿನದ ಕಲೆ ಇದೆ ನೋಡು ಎಂದು ಒಬ್ಬೊಬ್ಬರೂ ತಮ್ಮ ಚೌಕಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡರು. ಅಳು ನಡುನಡುವೆ ಬರುತ್ತಿತ್ತು, ನಡುನಡುವೆ ನಗುವೂ ಬರುತ್ತಿತ್ತು.

ತೊಡಕಾದದ್ದು ಹಸಿರು ತುಂಡುಗಳಿಂದ. ಪಂಚಮಿ ಹಬ್ಬಕ್ಕೆ ಗಿರಣಿಯವರು ಐವರಿಗೂ ಒಂದೇ ಥರದ ಹಸಿರು ಸೀರೆ ಕೊಟ್ಟಿದ್ದರು. ಟೇಲರುಗಳು ಅವನ್ನೆಲ್ಲ ಕತ್ತರಿಸಿ ಕೌದಿಯ ಸುತ್ತ ಅಂಚು ಕಟ್ಟಿದ್ದರು. ಯಾರದು ಯಾವುದು ಎಂದು ಹೇಳುವವರಿಲ್ಲ. ಬೆಚ್ಚಗಿದ್ದದ್ದು ನಿಜ, ಆದರೆ ಯಾರ ಬಿಸಿ ಎಂದು ಕೈಗೆ ತಿಳಿಯಲಿಲ್ಲ. ಅವನ ಕೈಯಿಂದ ಬಂದದ್ದು ನಮಗೆ ಬೇಡ, ಅವನ್ನು ಇಲ್ಲೇ ಬಿಸಾಡಿ ಹೋಗೋಣ ಎಂದಳು ಕಾಸೀಂಬಿ. ಸಿದ್ರಾಮ ಒಪ್ಪಲಿಲ್ಲ. ಲಗಮವ್ವ ಆ ಸೀರೆ ಉಟ್ಟು ಜೋಕಾಲಿ ಆಡಿದ್ದಳು, ಅವಳು ಉಟ್ಟ ಮೇಲೆ ಅದು ಅವಳದು ಎಂದ. ಹಾಗಾದರೆ ಇದರಲ್ಲಿ ಅವಳದನ್ನು ತೋರಿಸು ಎಂದು ಕಾಸೀಂಬಿ ಜಗಳಕ್ಕೆ ನಿಂತಳು. ದನಿಗಳು ಏರಿದವು. ಕೊನೆಗೆ ಮಗಳ ಹಾಸಿಗೆ ಕೊಡವುತ್ತಿದ್ದ ಆ ತಾಯಿ ಹಸಿರು ತುಂಡುಗಳನ್ನೆಲ್ಲ ಒಟ್ಟು ಮಾಡಿ, ನೋಡದೆ ಐದು ಪಾಲು ಹಚ್ಚಿದಳು. ನನ್ನ ಕೌದಿಯೊಳಗೆ ನಿಮ್ಮ ಮಗಳಿದ್ದರೆ ನಾನು ಅವಳನ್ನೂ ಹೊದೆಯುತ್ತೇನೆ, ನನ್ನ ಮಗಳು ನಿಮ್ಮ ಮನೆಗೆ ಬಂದರೆ ನೀವೂ ಹೊದೆಯಿರಿ ಎಂದಳು. ಕಾಸೀಂಬಿ ಮೂಗು ಒರೆಸಿಕೊಂಡು ತನ್ನ ಪಾಲನ್ನು ಮಡಿಲಿಗೆ ತೆಗೆದುಕೊಂಡಳು.

ಅಷ್ಟು ಹೊತ್ತಿಗೆ ಸಾವ್ಕಾರರು ಬಂದರು, ಹಿಂದೆ ಪೊಲೀಸರು. ಸಂತೆಯ ಜನವೆಲ್ಲ ಬಾಗಿಲಲ್ಲಿ ಕೂಡಿತ್ತು. ಸಾವ್ಕಾರರ ದನಿ ಆಗಲೂ ಏರಲಿಲ್ಲ. ಇದು ಗಿರಣಿಯ ಸ್ವತ್ತು, ಇದನ್ನು ಹಾಳು ಮಾಡಿದವರಿಗೆ ನೆಟ್ಟಗಾಗುವುದಿಲ್ಲ ಎಂದಷ್ಟೇ ಹೇಳಿದರು. ನಾನು ಕೂತಲ್ಲಿಂದ ಏಳಲಿಲ್ಲ.

"ಇದರಾಗ ನಿಮ್ಮದು ಯಾವುದೈತಿ ತೋರಸ್ರಿ ಸಾವ್ಕಾರ್ರ," ಎಂದೆ. "ಅದನ್ನೂ ಬಿಚ್ಚಿ ಕೊಡ್ತೀವಿ."

ಕಾಸೀಂಬಿಯೇ ನಡುವಿನ ಜರಿಯ ಗುರುತನ್ನು, ಅದರ ಕೆಳಗಿನ ಹೆಸರಿನ ಸಮೇತ, ಸುತ್ತಲಿನ ಒಂದು ದಾರವೂ ಹರಿಯದ ಹಾಗೆ ಬಿಡಿಸಿ ಎದ್ದು ಹೋಗಿ ಅವರ ಕೈಗೆ ಇಟ್ಟಳು. ಅಷ್ಟು ದೊಡ್ಡ ಕೌದಿಯಲ್ಲಿ ಅದೊಂದೇ ತಣ್ಣಗಿತ್ತು.

ನನ್ನನ್ನೂ ಕಾಸೀಂಬಿಯನ್ನೂ ಸ್ಟೇಷನ್ನಿಗೆ ಕರೆದೊಯ್ದು ಸಂಜೆಯ ತನಕ ಕೂರಿಸಿದರು. ಸ್ವತ್ತು ಹಾಳು ಮಾಡಿದ್ದಕ್ಕೆ ನಮ್ಮ ಮೇಲೆ ಕೇಸಾಯಿತು. ಫಕೀರಪ್ಪನ ಕೆಲಸ ಅವತ್ತೇ ಹೋಯಿತು. ಬಟ್ಟೆ ಬಿಚ್ಚಿದರೆ ಕೇಸು, ಬಾಗಿಲಿಗೆ ಬೀಗ ಹಾಕಿದರೆ ಆಕಸ್ಮಿಕ. ಇದನ್ನು ನಾನು ಸ್ಟೇಷನ್ನಿನಲ್ಲಿ ಹೇಳಿದಾಗ ಫೌಜದಾರರು ನನ್ನನ್ನು ಸುಮ್ಮನಿರಲು ಹೇಳಿದರು. ಕೇಸು ನಡೆಯುತ್ತಿರುವಾಗಲೇ ನಾವು ಐದು ಕೌದಿ ಹೊಲಿದೆವು. ಎಲ್ಲವೂ ಸ್ವಲ್ಪ ಚಿಕ್ಕವಾದವು, ಮಷೀನಿನ ಹೊಲಿಗೆ ಬಹಳ ಬಟ್ಟೆ ತಿಂದಿತ್ತು. ಹೊದ್ದು ಮಲಗಿದ ಮೊದಲ ದಿನ ಕಸ್ತೂರಿ ಮರುದಿನ ಮಧ್ಯಾಹ್ನದ ತನಕ ಎದ್ದಿರಲಿಲ್ಲವಂತೆ. ಸಿದ್ರಾಮ ಹೆದರಿ ನನ್ನನ್ನು ಕರೆಯಲು ಬಂದಿದ್ದ. ಹೋಗಿ ನೋಡಿದರೆ ಕೂಸು ಬಾಯಿ ತೆರೆದುಕೊಂಡು ಚೆನ್ನಾಗಿ ನಿದ್ದೆ ಮಾಡುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಮುರಿಗೆಪ್ಪ ಸಾವ್ಕಾರರ ತಾಯಿ ತೀರಿಕೊಂಡರು. ಸೂತಕ ಕಳೆದ ಮರುದಿನ ಸಾವ್ಕಾರರು ಒಬ್ಬರೇ ನಡೆದುಕೊಂಡು ನಮ್ಮ ಓಣಿಗೆ ಬಂದರು. ಕಂಕುಳಲ್ಲಿ ಗಂಟು. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿದ್ದವು. ಯಾರಿಗೆ ಕೌದಿ ಎಂದು ಕೇಳಿದೆ, ಕೇಳುವುದು ನಮ್ಮ ಪದ್ಧತಿ. ತನಗೇ ಎಂದರು. ಕಾಸೀಂಬಿ ಎದ್ದು ಒಳಗೆ ಹೋದಳು.

"ಹೊಲೀತೀನ್ರಿ," ಎಂದೆ. "ಆದರ ಮೊದಲ ಹೇಳ್ರಿ, ಆ ಬಾಗಲಕ್ಕ ಬೀಗಾ ಹಾಕಂತ ಹೇಳಿದವ್ರು ಯಾರು?"

"ಗುಮಾಸ್ತ ಹಾಕಿದ್ದ."

"ಯಾರ ಮಾತ ಕೇಳಿ?"

ಅವರು ನೆಲ ನೋಡುತ್ತ ನಿಂತರು. ಐದು ಮನೆಯವರ ಮುಂದೆ ಆ ಮಾತು ಹೇಳಿ, ಆಮೇಲೆ ಬಂದು ಕೌದಿ ಒಯ್ಯಿರಿ ಎಂದೆ. ಅವರು ಗಂಟನ್ನು ಕಟ್ಟೆಯ ಮೇಲಿಟ್ಟು, ಬಂದ ಹಾಗೆ ನಡೆದು ಹೋದರು. ಗಂಟು ಅಲ್ಲೇ ಉಳಿಯಿತು. ನಾನು ಅದನ್ನು ಬಿಚ್ಚಲಿಲ್ಲ. ಹೋಗುವಾಗ ಬರುವಾಗ ಅದರ ಬಿಸಿ ಕಾಲಿಗೆ ತಾಗುತ್ತಿತ್ತು, ಕಾಯಲಿ, ಅವನೂ ಕಾದು ನೋಡಲಿ ಎಂದುಕೊಳ್ಳುತ್ತಿದ್ದೆ. ಹಾಗೆಂದುಕೊಂಡಾಗ ಒಳಗೆ ಒಂಥರಾ ಸಮಾಧಾನವೂ ಆಗುತ್ತಿತ್ತು.

ಗಂಟು ಬಿಚ್ಚಿದವಳು ಕಾಸೀಂಬಿ. ಒಂದು ಮುಂಜಾನೆ ನಾನು ನೀರು ತಂದು ಬರುವಷ್ಟರಲ್ಲಿ ಮುದುಕಿಯ ಸೀರೆಗಳನ್ನೆಲ್ಲ ಹರವಿಕೊಂಡು ಕೂತಿದ್ದಳು. ಉಟ್ಟುಟ್ಟು ಮೆತ್ತಗಾದ ಸೀರೆಗಳು, ಸಾವ್ಕಾರರ ಮನೆಯವು ಎಂದು ಹೇಳಲಾಗದಂಥವು.

"ಮುದುಕಿ ನಮಗೇನ ಮಾಡಿದ್ಲು ಸಾತಕ್ಕಾ," ಎಂದಳು, ತಲೆ ಎತ್ತದೆ. "ಹಿಂಗ ಕಟ್ಟಿ ಇಟಗೊಂಡು ಕುಂತ್ರ ನಾವೂ ಗಾಜು ಹಾಕಿದಂಗ ಆತು."

ನನಗೆ ಬಾಯಿಗೆ ಹೊಡೆದ ಹಾಗಾಯಿತು. ಅವಳ ತಂಗಿ ಸತ್ತದ್ದು, ಮಾತು ಅವಳದು. ನಾನು ಸೂಜಿಗೆ ದಾರ ಪೋಣಿಸಿದೆ. ಬೇರೆಯವರ ಕೌದಿಗೆ ಎಷ್ಟು ಒತ್ತು ಹೊಲಿಗೆ ಹಾಕುತ್ತೇನೋ ಅಷ್ಟೇ ಹಾಕಿದೆ, ಒಂದೂ ಕಡಿಮೆಯಿಲ್ಲ.

ಮುಗಿದ ಮೇಲೆ ಸಾವ್ಕಾರರಿಗೆ ಬಂದು ಒಯ್ಯಿರಿ ಎಂದು ಹೇಳಿ ಕಳಿಸಲಿಲ್ಲ. ನಾವೇ ಇಬ್ಬರೂ ಗಿರಣಿಗೆ ಹೊತ್ತುಕೊಂಡು ಹೋದೆವು, ಕೆಲಸದ ಹೊತ್ತಿನಲ್ಲಿ. ಸಾವ್ಕಾರರು ಕಸ ಆರಿಸುವ ಹೊಸ ಕೋಣೆಯ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದರು. ಒಳಗೆ ಹೆಣ್ಣಾಳುಗಳು ಅರಳೆಯ ರಾಶಿಯ ಸುತ್ತ ಕೂತಿದ್ದರು. ನಾನು ಕೌದಿಯನ್ನು ಅವರ ತೋಳಿನ ಮೇಲೆ ಇಟ್ಟೆ. ಅವರು ನನ್ನನ್ನು ನೋಡಿದರು, ಕೌದಿಯನ್ನು ನೋಡಿದರು, ಆಳುಗಳೆಲ್ಲ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅದರಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ನನಗೆ ಅಯ್ಯೋ ಎನಿಸಿತು. ಎನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ಅಳು ಏನೆಂದು ಈ ಮನುಷ್ಯನಿಗೂ ಗೊತ್ತಿತ್ತಲ್ಲ, ಗೊತ್ತಿದ್ದೂ ಐದು ಮನೆಗಳನ್ನು ವರ್ಷವಿಡೀ ಗಾಜಿನ ಮುಂದೆ ನಿಲ್ಲಿಸಿದನಲ್ಲ.

"ಹೊದ್ದು ಮಲಗ್ರಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಬರಬರತಾ ಆರತೈತಿ. ನಿದ್ದೀನೂ ಬರತೈತಿ. ನಿದ್ದಿ ಆದ ಮ್ಯಾಲೆ ನಮ್ಮ ಮ್ಯಾಲೆ ಹಾಕಿದ ಕೇಸಿಗೆ ಕೋರ್ಟಿಗೆ ಬರ್ರಿ. ಬೀಗದ ಮಾತು ಅಲ್ಲೇ ಕೇಳ್ತೀನಿ. ಕೌದಿ ಕೊಟ್ಟೀನಂತ ಅದನ್ನ ಬಿಟ್ಟೀನಂತ ತಿಳೀಬ್ಯಾಡ್ರಿ."

ಅವರು ಮುಖ ಎತ್ತಲಿಲ್ಲ. ನಾವು ಹೊರಡಲು ತಿರುಗಿದೆವು. ಆಗ 'ತಡೀರಿ' ಎಂಬ ದನಿ ಬಂತು. ಅರಳೆಯ ರಾಶಿಯ ಆಚೆ ಕೂತಿದ್ದ ಒಬ್ಬ ನಡುವಯಸ್ಸಿನ ಹೆಣ್ಣುಮಗಳು ಮಂಡಿಯ ಮೇಲೆ ಕೈಯೂರಿ ಏಳುತ್ತಿದ್ದಳು. ಅವಳ ಹೆಸರೂ ನನಗೆ ಆಗ ಗೊತ್ತಿರಲಿಲ್ಲ. ಸೆರಗಿಗೆ, ಕೂದಲಿಗೆ, ಹುಬ್ಬಿಗೆಲ್ಲ ಅರಳೆ ಹತ್ತಿತ್ತು. ವಿಚಾರಣೆಯ ದಿನ ನೆಲ ನೋಡಿದವರಲ್ಲಿ ಅವಳೂ ಒಬ್ಬಳು. ಅವಳು ಸಾವ್ಕಾರರ ಕಡೆ ನೋಡಲಿಲ್ಲ. ಮಡಿಲಿನ ಅರಳೆಯನ್ನು ಕೊಡವಿಕೊಂಡು ನನ್ನ ಕಡೆ ನೋಡಿದಳು.

"ಬೀಗಾ ಹಾಕಂತ ಇವ್ರು ಹೇಳಿದ್ದು ನಾ ಕಿವಿಯಾರೆ ಕೇಳೀನಿ," ಎಂದಳು. "ಕೋರ್ಟಿಗೆ ಯಾವತ್ತ ಬರಬೇಕು ಹೇಳ್ರಿ."

ಅವಳ ಪಕ್ಕದವಳೂ ಎದ್ದಳು.